ನಮ್ಮ ಪ್ರತಿನಿಧಿಯ ಮತವು ಯಾರದು?

(ಹದಡಿಯಲ್ಲಿ ಊರ ಹಿರಿಯರೂ ಉಪಾಧ್ಯಾಯರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಭದ್ರಾ ಕಾಲುವೆಗೆ ನೀರು ಬಂದಿತೋ ಇಲ್ಲವೋ ಎಂಬುದನ್ನು ನೀವು ಗದ್ದೆಯ ಬದುವಿನ ಮೇಲೆ ನಿಂತು ಕಣ್ಣಾರೆ ನೋಡಿಯೇ ನಂಬುವವರು. ಬತ್ತದ ಚೀಲವನ್ನು ತೂಗದೆ ಮಾರುವವರಲ್ಲ. ಸಾಲ ಕೊಟ್ಟರೆ ಬರೆದಿಟ್ಟುಕೊಳ್ಳದೆ ಬಿಡುವವರಲ್ಲ. ಆದರೆ ಐದು ವರ್ಷಗಳಿಗೊಮ್ಮೆ ನಿಮ್ಮ ಪರವಾಗಿ ವಿಧಾನಸಭೆಗೆ ಕಳಿಸುವ ಪ್ರತಿನಿಧಿಯು ಯಾವ ದಿನ, ಯಾವ ಪ್ರಶ್ನೆಯ ಮೇಲೆ, ಯಾರ ಕಡೆಗೆ ಮತ ಕೊಟ್ಟರು ಎಂದು ಕೇಳಿದರೆ ಈ ಸಭೆಯಲ್ಲಿ ಉತ್ತರ ಕೊಡಬಲ್ಲವರು ಎಷ್ಟು ಜನ? ಮದುವೆಗೆ ಬಂದಿದ್ದರು, ಜಾತ್ರೆಗೆ ಬಂದಿದ್ದರು ಎಂಬ ಲೆಕ್ಕ ನಮ್ಮಲ್ಲುಂಟು. ಮತದ ಲೆಕ್ಕವೊಂದೇ ಇಲ್ಲ. ಈ ಕೊರತೆಯನ್ನು ಕುರಿತು ಎರಡು ಮಾತು ಅರಿಕೆ ಮಾಡಿಕೊಳ್ಳುವೆನು.

ಪ್ರತಿನಿಧಿಯು ಪಕ್ಷದ ಗೆರೆಯನ್ನು ದಾಟಬಹುದೇ ಎಂಬುದರಲ್ಲಿ ಜನರಲ್ಲಿ ಎರಡು ಅಭಿಪ್ರಾಯಗಳಿರುವವು. ಪಕ್ಷದ ಚಿಹ್ನೆಯನ್ನು ನೋಡಿ ಮತ ಕೊಟ್ಟಿರುವಾಗ ಪಕ್ಷದ ಆಜ್ಞೆಯನ್ನು ಮೀರಿದವರು ದ್ರೋಹಿಗಳು ಎಂಬುದು ಒಂದು. ನಾವು ಕಳಿಸಿದ್ದು ಮನುಷ್ಯನನ್ನು, ಪಕ್ಷದ ಗೊಂಬೆಯನ್ನಲ್ಲ ಎಂಬುದು ಇನ್ನೊಂದು. ಎರಡರಲ್ಲಿಯೂ ಅರ್ಧ ಸತ್ಯವಿರುವದು. ಪಕ್ಷವನ್ನು ಮೀರಿದ್ದು ತಾನಾಗಿಯೇ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಏತಕ್ಕಾಗಿ ಮೀರಿದರು, ಹೇಳಿ ಮೀರಿದರೋ ಹೇಳದೆ ಮೀರಿದರೋ, ಮೀರಿದ ಮೇಲೆ ಕಳೆದುಕೊಂಡದ್ದೇನು, ಗಳಿಸಿದ್ದೇನು ಎಂಬುದನ್ನು ನೋಡಿಯೇ ತೂಕ ಮಾಡಬೇಕು.

ಒಂದು ಹಳೆಯ ಸಂಗತಿಯನ್ನು ನೆನೆಯೋಣ. ಇಲ್ಲಿಗೆ ಸಮೀಪದ ಹರಿಹರದಲ್ಲಿ ತುಂಗಭದ್ರೆಯ ಈ ದಂಡೆ ಮೈಸೂರು, ಆ ದಂಡೆ ಮುಂಬಯಿ ಪ್ರಾಂತವಾಗಿದ್ದ ಕಾಲವೊಂದಿತ್ತು. ಭಾಷಾವಾರು ಪ್ರಾಂತಗಳ ತತ್ತ್ವವನ್ನು ಕಾಂಗ್ರೆಸ್ಸು 1920ರ ನಾಗಪುರದ ಅಧಿವೇಶನದಲ್ಲಿಯೇ ಒಪ್ಪಿತ್ತು. ಸ್ವಾತಂತ್ರ್ಯ ಬಂದ ಮೇಲೆ 1948ರ ಧರ್ ಆಯೋಗವೂ 1949ರಲ್ಲಿ ನೆಹರೂ, ಪಟೇಲ್, ಪಟ್ಟಾಭಿಯವರ ಸಮಿತಿಯೂ ಈಗಲೇ ಬೇಡವೆಂದವು. ಎಂದರೆ, ಪಕ್ಷವು ತನ್ನ ಗೆರೆಯನ್ನು ತಾನೇ ಹಿಂದಕ್ಕೆ ಎಳೆದುಕೊಂಡಿತು. ಆಗ ಮುಂಬಯಿ ವಿಧಾನಸಭೆಯಲ್ಲಿದ್ದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು 1953ರಲ್ಲಿ ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಉಪವಾಸಕ್ಕೆ ಕುಳಿತರು. ಅದೇ ವರ್ಷದ ಡಿಸೆಂಬರಿನಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. 1956ರ ನವೆಂಬರ್ 1ರಂದು ನದಿಯ ಎರಡು ದಂಡೆಗಳೂ ಒಂದಾದವು. ದೊಡ್ಡಮೇಟಿಯವರು ಜನರೆದುರು ಆಡಿದ ಮಾತಿಗೆ ನಿಂತರು. ಅದಕ್ಕಾಗಿ ಪೀಠವನ್ನು ಬಿಟ್ಟರು, ಪೀಠಕ್ಕಾಗಿ ಮಾತನ್ನು ಬಿಡಲಿಲ್ಲ.

ಎರಡನೆಯ ಸಂಗತಿಯು ನಮ್ಮ ಹಳೆಯ ಚಿತ್ರದುರ್ಗ ಜಿಲ್ಲೆಯದೇ. ದಾವಣಗೆರೆಯ ಶಾಲೆಯಲ್ಲಿ ಓದಿದ ಎಸ್. ನಿಜಲಿಂಗಪ್ಪನವರು 1969ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. ರಾಷ್ಟ್ರಪತಿಯ ಚುನಾವಣೆಗೆ ಪಕ್ಷದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರು. ಪ್ರಧಾನಿ ಇಂದಿರಾ ಗಾಂಧಿಯವರ ಕಡೆಯಿಂದ ಆತ್ಮಸಾಕ್ಷಿಗನುಸಾರ ಮತ ಕೊಡಿರೆಂಬ ಕರೆ ಹೊರಟಿತು. ವಿ. ವಿ. ಗಿರಿಯವರು ಗೆದ್ದರು, ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಲಾಯಿತು, ಪಕ್ಷವು ಒಡೆಯಿತು. ರಾಷ್ಟ್ರಪತಿಯ ಚುನಾವಣೆಯ ಮತವು ಗುಪ್ತ ಮತ. ಯಾರ ಆತ್ಮಸಾಕ್ಷಿ ಏನು ನುಡಿಯಿತೆಂಬುದಕ್ಕೆ ದಾಖಲೆಯಿಲ್ಲ. ದಾಖಲೆಯಿಲ್ಲದ ಆತ್ಮಸಾಕ್ಷಿಯನ್ನು ಮತದಾರನು ಪರೀಕ್ಷಿಸುವದಾದರೂ ಹೇಗೆ?

ಪಕ್ಷಾಂತರದ ಪಿಡುಗು ಹೆಚ್ಚಿದ್ದರಿಂದ 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನು ಸೇರಿಸಲಾಯಿತು. ಸದನದಲ್ಲಿ ಪಕ್ಷದ ಆಜ್ಞೆಗೆ, ಎಂದರೆ ವಿಪ್ಪಿಗೆ, ವಿರುದ್ಧವಾಗಿ ಮತ ಕೊಟ್ಟರೆ ಅಥವಾ ಮತ ಕೊಡದೆ ಉಳಿದರೆ, 15 ದಿನಗಳೊಳಗೆ ಪಕ್ಷವು ಕ್ಷಮಿಸದಿದ್ದರೆ, ಸದಸ್ಯತ್ವವು ಹೋಗಬಹುದು. ಇದರಿಂದ ಪಿಡುಗು ನಿಂತಿತೇ? 2019ರ ಜುಲೈ 23ರಂದು ಎಚ್. ಡಿ. ಕುಮಾರಸ್ವಾಮಿಯವರ ಸರಕಾರವು 99ಕ್ಕೆ 105 ಮತಗಳಿಂದ ಬಿದ್ದಿತು. ಕಾಂಗ್ರೆಸ್, ಜನತಾದಳಗಳ ಅನೇಕ ಸದಸ್ಯರು ಮೊದಲೇ ರಾಜೀನಾಮೆ ಬರೆದುಕೊಟ್ಟು ಸದನದ ಹೊರಗುಳಿದಿದ್ದರು. ಬಹುಜನ ಸಮಾಜ ಪಕ್ಷದ ಏಕೈಕ ಸದಸ್ಯರಾದ ಕೊಳ್ಳೇಗಾಲದ ಎನ್. ಮಹೇಶರಿಗೆ ಸರಕಾರದ ಪರವಾಗಿ ಮತ ಕೊಡಬೇಕೆಂದು ಪಕ್ಷದ ನಾಯಕಿಯ ಆಜ್ಞೆ. ಅವರು ಸದನಕ್ಕೆ ಬರಲಿಲ್ಲ, ಉಚ್ಚಾಟಿತರಾದರು. ಸಭಾಧ್ಯಕ್ಷರು 17 ಜನರನ್ನು ಅನರ್ಹಗೊಳಿಸಿದರು. ಸರ್ವೋಚ್ಚ ನ್ಯಾಯಾಲಯವು ನವೆಂಬರಿನಲ್ಲಿ ಅನರ್ಹತೆಯನ್ನು ಎತ್ತಿಹಿಡಿದು, ಉಪಚುನಾವಣೆಗೆ ನಿಲ್ಲಲು ಮಾತ್ರ ದಾರಿ ಬಿಟ್ಟಿತು. ಡಿಸೆಂಬರಿನಲ್ಲಿ ಅವರಲ್ಲಿ ಹೆಚ್ಚಿನವರು ಭಾರತೀಯ ಜನತಾ ಪಕ್ಷದಿಂದ ಗೆದ್ದರು. 2020ರ ಫೆಬ್ರವರಿಯಲ್ಲಿ ಹತ್ತು ಜನರು ಮಂತ್ರಿಗಳಾದರು. 1953ರಲ್ಲಿಯೂ ರಾಜೀನಾಮೆ, 2019ರಲ್ಲಿಯೂ ರಾಜೀನಾಮೆ. ಒಂದರ ಮುಂದಿನ ಪುಟದಲ್ಲಿ ಉಪವಾಸ, ಇನ್ನೊಂದರ ಮುಂದಿನ ಪುಟದಲ್ಲಿ ಮಂತ್ರಿಪದವಿ. ಲೆಕ್ಕದ ಪುಸ್ತಕವಿದ್ದವನಿಗೆ ಈ ಅಂತರವು ಕೂಡಲೇ ಕಾಣುವದು.

ಆ ಹತ್ತು ಜನರಲ್ಲಿ ಒಬ್ಬರಾದ ಯಶವಂತಪುರದ ಎಸ್. ಟಿ. ಸೋಮಶೇಖರರು 2024ರ ಫೆಬ್ರವರಿ 27ರ ರಾಜ್ಯಸಭೆಯ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದ ಸದಸ್ಯರಾಗಿದ್ದುಕೊಂಡೇ ಕಾಂಗ್ರೆಸ್ಸಿನ ಅಭ್ಯರ್ಥಿಗೆ ಮತ ಕೊಟ್ಟರು. ಅದೇ ಪಕ್ಷದ ಶಿವರಾಮ ಹೆಬ್ಬಾರರು ಮತ ಹಾಕಲು ಬರಲೇ ಇಲ್ಲ. 2025ರ ಮೇ ತಿಂಗಳಲ್ಲಿ ಇಬ್ಬರನ್ನೂ ಪಕ್ಷದಿಂದ ಹೊರಹಾಕಲಾಯಿತು. ಇದಕ್ಕೆ ಮೊದಲು 2016ರಲ್ಲಿ ಇಂತಹದೇ ಚುನಾವಣೆಯಲ್ಲಿ ಜನತಾದಳದ ಎಂಟು ಸದಸ್ಯರು ಪಕ್ಷವನ್ನು ಮೀರಿದ್ದರು. ಯಾವ ಪಕ್ಷವೂ ಇನ್ನೊಂದರತ್ತ ಬೆರಳು ತೋರುವಂತಿಲ್ಲ. ಆದರೆ ಒಂದು ಮಾತು: 2003ರ ತಿದ್ದುಪಡಿಯ ಮೇಲೆ ರಾಜ್ಯಸಭೆಯ ಚುನಾವಣೆಯ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಲೇಬೇಕು. ಆದ್ದರಿಂದಲೇ ನಮಗೆ ಈ ಹೆಸರುಗಳು ತಿಳಿದವು. ಮತವು ಬಹಿರಂಗವಾದಲ್ಲಿ ಹೊಣೆಯೂ ಬಹಿರಂಗವಾಗುವದು.

ಇನ್ನು ಪಕ್ಷವನ್ನು ಎಂದೂ ಮೀರದವರು ನಂಬಿಗಸ್ತರೆಂದು ತಿಳಿಯುವದೂ ತಪ್ಪು. ಗೆರೆಯೇ ಜರುಗಿದಾಗ ಏನು ಮಾಡುವಿರಿ? ಕೃಷಿಕರಲ್ಲದವರೂ ಸಾಗುವಳಿಯ ಭೂಮಿಯನ್ನು ಕೊಳ್ಳಬಹುದೆಂಬ 2020ರ ಭೂಸುಧಾರಣಾ ತಿದ್ದುಪಡಿಯು ನಿಮ್ಮ ಹೊಲ ಮನೆಗಳಿಗೆ ಸಂಬಂಧಿಸಿದ ವಿಷಯ. ಮೊದಲು ಅದನ್ನು ವಿರೋಧಿಸಿದ್ದ ಜನತಾದಳವು ಡಿಸೆಂಬರಿನಲ್ಲಿ ವಿಧಾನ ಪರಿಷತ್ತಿನಲ್ಲಿ ಬೆಂಬಲ ಕೊಟ್ಟಿತು. ಮಸೂದೆಯು 37ಕ್ಕೆ 21 ಮತಗಳಿಂದ ಪಾಸಾಯಿತು. ತಿದ್ದುಪಡಿಯು ಒಳ್ಳೆಯದೋ ಕೆಟ್ಟದೋ ಎಂಬ ವಾದವನ್ನು ಇಲ್ಲಿ ಎತ್ತುವದಿಲ್ಲ. ಅಂದು ಪಕ್ಷದ ಆಜ್ಞೆಯನ್ನು ಪಾಲಿಸಿದವರು ಕಾಯದೆಯ ಕಣ್ಣಿಗೆ ಶಿಸ್ತಿನವರು. ಮೊದಲಿನ ಮಾತನ್ನು ನಂಬಿದ್ದ ರೈತನ ಕಣ್ಣಿಗೆ? ಪಕ್ಷಕ್ಕೆ ನಿಷ್ಠೆ, ಮತದಾರನಿಗೆ ನಿಷ್ಠೆ ಎಂಬವು ಎರಡು ಬೇರೆ ಕಂಬಗಳು. ಎರಡನ್ನೂ ಬೇರೆ ಬೇರೆ ಅಳೆಯಬೇಕು.

ಅಳೆಯಲು ಕೋಲೆಲ್ಲಿ ಎಂದು ಕೇಳುವಿರಿ. ಇದೇ ನನ್ನ ಮುಖ್ಯ ಮಾತು. ನಮ್ಮ ಸದನಗಳಲ್ಲಿ ಬಹುತೇಕ ಮಸೂದೆಗಳು ಧ್ವನಿಮತದಿಂದ ಪಾಸಾಗುವವು. ಹೌದೆನ್ನುವವರು ಹೌದೆಂದು ಕೂಗುವರು, ಇಲ್ಲವೆನ್ನುವವರು ಇಲ್ಲವೆಂದು ಕೂಗುವರು. ಸಭಾಧ್ಯಕ್ಷರ ಕಿವಿಗೆ ಯಾವುದು ದೊಡ್ಡದೆನಿಸಿತೋ ಅದು ಗೆಲ್ಲುವದು. ಕೂಗಿದವರ ಹೆಸರು ಎಲ್ಲಿಯೂ ಉಳಿಯುವದಿಲ್ಲ. ಬಾಯಿ ಮುಚ್ಚಿ ಕುಳಿತವರ ಹೆಸರೂ ಉಳಿಯುವದಿಲ್ಲ. 2010ರ ಅಕ್ಟೋಬರ್ 11ರಂದು ಒಂದು ಸರಕಾರದ ವಿಶ್ವಾಸವನ್ನೇ ಗದ್ದಲದ ನಡುವೆ ಧ್ವನಿಮತದಿಂದ ತೀರ್ಮಾನಿಸಲಾಯಿತು. ಅದನ್ನು ಯಾರೂ ನಂಬದಾದರು. ಮೂರು ದಿನಗಳ ಮೇಲೆ ಮತ್ತೆ ತಲೆ ಎಣಿಸಿ 106ಕ್ಕೆ 100 ಎಂದು ಲೆಕ್ಕ ಬಂದ ಮೇಲೆಯೇ ಸರಕಾರವು ನಿಂತಿತು. ಸರಕಾರದ ಅಳಿವು ಉಳಿವಿಗೆ ತಲೆ ಎಣಿಕೆ ಬೇಕಾದರೆ ರೈತನ ಭೂಮಿಗೆ, ಶಾಲೆಗೆ, ನೀರಿಗೆ ಬೇಡವೇ? ಇಂಗ್ಲೆಂಡಿನ ಕಾಮನ್ಸ್ ಸಭೆಯು ಯಾರು ಯಾವ ಕಡೆಗೆ ಮತ ಕೊಟ್ಟರೆಂಬ ಪಟ್ಟಿಯನ್ನು 1836ರಿಂದಲೂ ಅಧಿಕೃತವಾಗಿ ಪ್ರಕಟಿಸುತ್ತ ಬಂದಿರುವದು. ಅಲ್ಲಿ ಪಕ್ಷದ ವಿಪ್ಪನ್ನು ಮೀರಿದವರಿಗೆ ಪಕ್ಷದ ಕೃಪೆ ತಪ್ಪಬಹುದು, ಸ್ಥಾನ ತಪ್ಪುವದಿಲ್ಲ. ಅವರಿಂದ ಕಲಿಯತಕ್ಕದ್ದೇನಾದರೂ ಇದ್ದರೆ ಇದೊಂದು.

ಧ್ವನಿಮತದ ತೀರ್ಮಾನವನ್ನು ಒಪ್ಪದ ಸದಸ್ಯನು ಮತವಿಭಜನೆಯನ್ನು ಕೇಳಬಹುದು, ಆಗ ಎಣಿಕೆಯಾಗುವದು. ಕೇಳುವವರು ವಿರಳ, ಏಕೆಂದರೆ ಕೇಳಿರೆಂದು ಅವರನ್ನು ಒತ್ತಾಯಿಸುವ ಮತದಾರರು ವಿರಳ. ಆದುದರಿಂದ ಹದಡಿಯ ಬಂಧುಗಳಲ್ಲಿ ನನ್ನ ಬಿನ್ನಹ ಎರಡು. ಮೊದಲನೆಯದು: ಮುಂದೆ ಯಾವ ಪಕ್ಷದ ಅಭ್ಯರ್ಥಿಯೇ ನಿಮ್ಮ ಕಟ್ಟೆಯ ಮುಂದೆ ಕೈಮುಗಿದು ನಿಂತರೂ, ನಮ್ಮ ಭೂಮಿ ನೀರುಗಳ ಪ್ರಶ್ನೆ ಬಂದಾಗ ಮತವಿಭಜನೆಯನ್ನು ಕೇಳುವಿರಾ, ನಿಮ್ಮ ಮತವನ್ನು ನಮಗೆ ಬಂದು ಹೇಳುವಿರಾ ಎಂದು ಕೇಳಿರಿ. ಎರಡನೆಯದು ಉಪಾಧ್ಯಾಯ ಬಂಧುಗಳಿಗೆ: ಊರಿನ ವಾಚನಾಲಯದಲ್ಲಿ ಒಂದು ದಪ್ಪ ನೋಟುಬುಕ್ಕನ್ನು ಇಡಿರಿ. ದಿನಾಂಕ, ವಿಷಯ, ಪಕ್ಷದ ಆಜ್ಞೆ, ಪ್ರತಿನಿಧಿಯ ಮತ ಅಥವಾ ಗೈರುಹಾಜರಿ, ಆ ಮೇಲೆ ಅವರಿಗೆ ಒದಗಿದ್ದು, ಹೀಗೆ ಐದು ಕಾಲಮುಗಳು ಸಾಕು. ಪತ್ರಿಕೆಗಳಿಂದಲೂ ಸದನದ ಕಲಾಪದ ವರದಿಗಳಿಂದಲೂ ತುಂಬಿಸಿರಿ. ತುಂಬಲಾಗದ ಕಾಲಮನ್ನು ಖಾಲಿ ಬಿಡಿರಿ. ಆ ಖಾಲಿ ಮನೆಯೇ ಪ್ರತಿನಿಧಿಗೆ ಕೇಳತಕ್ಕ ಪ್ರಶ್ನೆ.

ಪಕ್ಷದೊಡನೆ ನಿಂತರೆಂದು ಹಾರ ಹಾಕಬೇಡಿರಿ, ಪಕ್ಷವನ್ನು ಬಿಟ್ಟರೆಂದು ಕಲ್ಲು ಎಸೆಯಬೇಡಿರಿ. ಮೊದಲು ಪುಸ್ತಕವನ್ನು ತೆರೆದು ನೋಡಿರಿ. ನೀವು ಕೊಟ್ಟ ಮತವು ನಿಮ್ಮದು. ಅದರ ಬಲದಿಂದ ಅವರು ಸದನದಲ್ಲಿ ಕೊಡುವ ಮತವೂ ಅರ್ಧ ನಿಮ್ಮದೇ. ನಿಮ್ಮ ಸೊತ್ತಿನ ಲೆಕ್ಕ ಕೇಳಲು ಸಂಕೋಚವೇಕೆ?