ಕಪ್ಪು ಟ್ರಫಲ್: ಮರದ ಬೇರಿಗೆ ಕಟ್ಟಿದ ಬೆಳೆ



ದಕ್ಷಿಣ ಫ್ರಾನ್ಸಿನಲ್ಲಿ ಡಿಸೆಂಬರಿನಿಂದ ಮಾರ್ಚಿವರೆಗಿನ ಚಳಿಯಲ್ಲಿ ರೈತರು ನಾಯಿಯನ್ನು ಕರೆದುಕೊಂಡು ಓಕ್ ತೋಪುಗಳಲ್ಲಿ ಅಲೆಯುತ್ತಾರೆ. ನಾಯಿ ಒಂದೆಡೆ ನಿಂತು ಮೂಸಿ ನೆಲ ಕೆರೆಯುತ್ತದೆ. ಒಡೆಯ ಬಾಗಿ ಮಣ್ಣು ಬಿಡಿಸಿ, ಮೈಯೆಲ್ಲ ಗಂಟುಗಂಟಾದ ಕರಿಯ ಉಂಡೆಯೊಂದನ್ನು ಎತ್ತುತ್ತಾನೆ. ಅದೇ ಕಪ್ಪು ಟ್ರಫಲ್. ನೋಡಲು ಗೆಡ್ಡೆ, ಜಾತಿಯಲ್ಲಿ ಅಣಬೆ. ಕಿಲೋ ಒಂದಕ್ಕೆ ನೂರಾರು ಯೂರೋ ಬೆಲೆ. ಬೇರೆ ಅಣಬೆಗಳನ್ನು ಕೋಣೆಯೊಳಗೆ ಹುಲ್ಲಿನ ಮೇಲೆ ಬೆಳೆಸಬಲ್ಲ ಮನುಷ್ಯ, ಇದನ್ನು ಮಾತ್ರ ಬೇಕಾದಾಗ ಬೇಕಾದಷ್ಟು ಬೆಳೆಯಲಾರನೇಕೆ?

ಈ ಪ್ರಶ್ನೆಗೆ ಮೊದಲ ಉತ್ತರ ಕೊಟ್ಟವರು ವಿಜ್ಞಾನಿಗಳಲ್ಲ, ರೈತರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರೊವಾನ್ಸ್ ಪ್ರಾಂತ್ಯದ ಜೋಸೆಫ್ ತಲೊಂ ಎಂಬ ರೈತ, ಟ್ರಫಲ್ ಸಿಗುವ ಓಕ್ ಮರಗಳ ಕೆಳಗಿನ ಬೀಜಗಳನ್ನು ತಂದು ತನ್ನ ಕಲ್ಲು ನೆಲದಲ್ಲಿ ಬಿತ್ತಿದ. ಕೆಲವು ವರ್ಷಗಳಲ್ಲಿ ಆ ಎಳೆಯ ಮರಗಳ ಬುಡದಲ್ಲೂ ಟ್ರಫಲ್ ಸಿಕ್ಕಿತು. ಕಾರ್ಪಾಂತ್ರಾ ಊರಿನ ಒಗುಸ್ತ್ ರೂಸೊ 1847ರಲ್ಲಿ ಇದೇ ಕ್ರಮದಲ್ಲಿ ತೋಪು ಬೆಳೆಸಿ, 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ತನ್ನ ಟ್ರಫಲ್‌ಗಳನ್ನು ಇಟ್ಟ. ಮುಂದೆ ಫಿಲಾಕ್ಸೆರ ಎಂಬ ಕೀಟ ದ್ರಾಕ್ಷಿ ತೋಟಗಳನ್ನು ನಾಶ ಮಾಡಿದಾಗ, ಬರಿದಾದ ಸುಣ್ಣದ ನೆಲದಲ್ಲಿ ಸಾವಿರಾರು ರೈತರು ಓಕ್ ಬಿತ್ತಿದರು. ಆ ಶತಮಾನದ ಕೊನೆಗೆ ಫ್ರಾನ್ಸಿನ ವಾರ್ಷಿಕ ಇಳುವರಿ ಸಾವಿರ ಟನ್ನಿನಷ್ಟಿತ್ತೆಂಬ ಅಂದಾಜಿದೆ. ಇಂದು ಸಿಗುವುದು ಕೆಲವು ಹತ್ತು ಟನ್ ಮಾತ್ರ.

ಉಳಿದದ್ದೆಲ್ಲ ಎಲ್ಲಿ ಹೋಯಿತು? 1914ರ ಮಹಾಯುದ್ಧ ಹಳ್ಳಿಗಳ ಗಂಡಸರನ್ನು ನುಂಗಿತು. ಬದುಕುಳಿದ ಅನೇಕರು ಪಟ್ಟಣ ಸೇರಿದರು. ತೋಪುಗಳು ದಟ್ಟ ಕಾಡಾದವು. ಬಿಸಿಲು ಬೀಳುವ ನೆಲ ಬಯಸುವ ಟ್ರಫಲ್ ಹಿಂದೆ ಸರಿಯಿತು. ಮರದ ಸುತ್ತ ಹುಲ್ಲು ಸುಟ್ಟಂತೆ ಒಣಗಿದ ವೃತ್ತ ಕಂಡರೆ ಅಲ್ಲಿ ಟ್ರಫಲ್ ಬರಲಿದೆ ಎಂದು ಗುರುತಿಸುತ್ತಿದ್ದ, ಎಷ್ಟು ಸವರಬೇಕು, ಎಷ್ಟು ಉಳಬೇಕು ಎಂದು ಬಲ್ಲ ಜನರೇ ವಿರಳವಾದರು. ಬರೆದಿಡದ ವಿದ್ಯೆ ಅದನ್ನು ಬಲ್ಲವರೊಡನೆ ಹೋಯಿತು.

ವಿಜ್ಞಾನದ ದಾರಿ ಬೇರೆ ಕಡೆಯಿಂದ ಬಂತು. ಟ್ರಫಲ್ ಬೆಳೆಯುವ ಬಗೆಯನ್ನು ಹುಡುಕಲು ಪ್ರಶ್ಯದ ಸರ್ಕಾರ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್‌ನನ್ನು ನೇಮಿಸಿತ್ತು. ಬೆಳೆ ಅವನಿಗೆ ಕೈಗೂಡಲಿಲ್ಲ. ಆದರೆ ಅದಕ್ಕಿಂತ ದೊಡ್ಡದೊಂದು ಕಂಡಿತು. ಮರದ ಎಳೆಬೇರುಗಳಿಗೆ ಶಿಲೀಂಧ್ರದ ನೂಲುಗಳು ಒರೆಯಂತೆ ಹೊದ್ದಿದ್ದವು. ರೋಗವೆಂದು ತೋರುವ ಇದು ಒಂದು ಕೊಡುಕೊಳೆ ಎಂದು ಅವನು ತರ್ಕಿಸಿದ. 1885ರಲ್ಲಿ ಇದಕ್ಕೆ ‘ಮೈಕೊರೈಜಾ’ ಎಂದು ಹೆಸರಿಟ್ಟ. ಶಿಲೀಂಧ್ರ ಮಣ್ಣಿನಿಂದ ನೀರು, ಲವಣಗಳನ್ನು ತಂದುಕೊಡುತ್ತದೆ. ಮರ ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನು ಕೊಡುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಮೊದಲ ಮಳೆಗೆ ಅಗೆದು ತರುವ ಕಲ್ಲಣಬೆ ಟ್ರಫಲ್‌ನ ಕುಲಕ್ಕೆ ಸೇರಿದ್ದಲ್ಲವಾದರೂ ಬಾಳುವ ರೀತಿ ಇದೇ.

ಈ ತಿಳಿವು ತೋಟಕ್ಕೆ ಇಳಿಯಲು ಮತ್ತೆ ಒಂಬತ್ತು ದಶಕ ಬೇಕಾಯಿತು. 1970ರ ದಶಕದಲ್ಲಿ ಫ್ರಾನ್ಸಿನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಗ್ರಾಂತ್ ಮತ್ತು ಶವಾಲಿಯೆ, ಓಕ್ ಹಾಗೂ ಹೇಝಲ್ ಸಸಿಗಳ ಬೇರಿಗೆ ಟ್ರಫಲ್‌ನ ಬೀಜಕಣ ಸೇರಿಸಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಮಾರುವ ವಿಧಾನ ರೂಪಿಸಿದರು. ಅಂಥ ಸಸಿಗಳಿಂದಲೇ 1993ರಲ್ಲಿ ನ್ಯೂಜಿಲೆಂಡಿನಲ್ಲೂ 1999ರಲ್ಲಿ ಆಸ್ಟ್ರೇಲಿಯದ ಟಾಸ್ಮೇನಿಯದಲ್ಲೂ ಟ್ರಫಲ್ ಬಂತು. ಆದರೂ ಸಸಿ ನೆಟ್ಟವನು ಐದರಿಂದ ಹತ್ತು ವರ್ಷ ಕಾಯಬೇಕು. ಕಾದ ಮೇಲೆ ಒಂದು ಮರ ಕೊಡುತ್ತದೆ, ಪಕ್ಕದ ಮರ ಕೊಡುವುದಿಲ್ಲ.

ಏಕೆ ಹೀಗೆ ಎಂಬುದಕ್ಕೆ 2010ರ ಸುಮಾರಿಗೆ ಒಂದು ಸುಳಿವು ಸಿಕ್ಕಿತು. ಫ್ರಾನ್ಸ್ ಮತ್ತು ಇಟಲಿಯ ವಿಜ್ಞಾನಿಗಳು ಕಪ್ಪು ಟ್ರಫಲ್‌ನ ವಂಶವಾಹಿಗಳನ್ನು ಪೂರ್ತಿ ಓದಿದಾಗ, ಅದರಲ್ಲಿ ಗಂಡುಹೆಣ್ಣಿನಂತೆ ಎರಡು ಕೂಡುಬಗೆಗಳಿರುವುದು ಖಚಿತವಾಯಿತು. ಎರಡೂ ಸೇರದೆ ಟ್ರಫಲ್ ಕಟ್ಟದು. ಆದರೆ ಒಂದು ಮರದ ಬೇರನ್ನು ಬರಬರುತ್ತ ಒಂದೇ ಬಗೆ ಆಕ್ರಮಿಸಿಕೊಳ್ಳುತ್ತದೆ. ತಾಯಿ ಬೇರಿನ ಮೇಲೆಯೇ ಸಿಗುತ್ತದೆ. ತಂದೆ ಎಲ್ಲಿಂದ ಬರುತ್ತದೆ ಎಂಬುದರ ಹುಡುಕಾಟ ಮುಂದುವರಿದಿದೆ. ಅದಕ್ಕಾಗಿ ತೋಟಗಾರರು ಮರದ ಸುತ್ತ ಸಣ್ಣ ಗುಂಡಿ ತೋಡಿ, ಅರೆದ ಟ್ರಫಲನ್ನು ಹಗುರ ಮಣ್ಣಿನೊಡನೆ ತುಂಬುತ್ತಾರೆ. ಇನ್ನೊಂದು ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಹೇಝಲ್ ಮರಕ್ಕೆ ಗುರುತು ಹಚ್ಚಿದ ಇಂಗಾಲದ ಗಾಳಿ ಉಣಿಸಿದಾಗ ಅದೇ ಇಂಗಾಲ ಮಣ್ಣಿನಡಿಯ ಟ್ರಫಲ್‌ನಲ್ಲಿ ಕಂಡಿತು. ಟ್ರಫಲ್ ಕೊಳೆತ ಎಲೆ ತಿಂದು ಬೆಳೆಯುವುದಲ್ಲ. ಮರ ಉಣಿಸಿದರೆ ಮಾತ್ರ ಉಣ್ಣುತ್ತದೆ.

ಇನ್ನು ಪರಿಮಳದ ಮಾತು. 1981ರಲ್ಲಿ ಜರ್ಮನ್ ವಿಜ್ಞಾನಿಗಳು ಗಂಡುಹಂದಿಯ ಮೈಗಂಧದ ರಾಸಾಯನಿಕವನ್ನು ಟ್ರಫಲ್‌ನಲ್ಲಿ ಕಂಡು, ಹೆಣ್ಣುಹಂದಿ ಅದಕ್ಕೇ ಮರುಳಾಗುತ್ತದೆ ಎಂದು ಊಹಿಸಿದರು. ಕಥೆ ಸ್ವಾರಸ್ಯವಾಗಿತ್ತು, ನಿಲ್ಲಲಿಲ್ಲ. 1990ರಲ್ಲಿ ಫ್ರೆಂಚ್ ಸಂಶೋಧಕರು ಹಲವು ವಾಸನೆಗಳನ್ನು ಮಣ್ಣಲ್ಲಿ ಹೂತು ನೋಡಿದರು. ಹಂದಿಯೂ ನಾಯಿಯೂ ಅಗೆದದ್ದು ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತವನ್ನು.

ಬಲುಬೇಗ ಹಾರಿಹೋಗುವ ಈ ಗಂಧವೇ ಶೇಖರಣೆಯ ತೊಡಕು. ಅಗೆದ ಟ್ರಫಲ್ ಉಸಿರಾಡುತ್ತಲೇ ಇರುತ್ತದೆ. ಶೀತಕದಲ್ಲಿ ಒಂದೆರಡು ವಾರ ಬಾಳೀತು. ಡಬ್ಬಿಯಲ್ಲಿ ಬೇಯಿಸಿಟ್ಟರೆ ಪರಿಮಳದ ಬಹುಪಾಲು ಹೋಗುತ್ತದೆ. ಹೆಪ್ಪುಗಟ್ಟಿಸಿ ಕರಗಿಸಿದರೆ ಮೆತ್ತಗಾಗುತ್ತದೆ. ಸ್ಪೇನಿನ ಜರಗೋಝಾದ ಸಂಶೋಧಕರು ಸೂಕ್ಷ್ಮ ರಂಧ್ರಗಳ ಹಾಳೆಯಲ್ಲಿ ಕಟ್ಟಿ, ಅಲ್ಪ ಪ್ರಮಾಣದ ವಿಕಿರಣ ಹಾಯಿಸಿ ಅದರ ಆಯುಸ್ಸನ್ನು ಮೂರು-ನಾಲ್ಕು ವಾರಕ್ಕೆ ಏರಿಸಿದರು. ಆದರೆ ಇಲ್ಲೊಂದು ಇಕ್ಕಟ್ಟಿದೆ. ಟ್ರಫಲನ್ನು ಕೆಡಿಸುವುದು ಅದರೊಳಗಿನ ಬ್ಯಾಕ್ಟೀರಿಯಗಳು. ಇದೇ ಕುಲದ ಇನ್ನೊಂದು ಟ್ರಫಲ್‌ನಲ್ಲಿ ನಡೆದ ಅಧ್ಯಯನ, ಪರಿಮಳದಲ್ಲೂ ಅವುಗಳ ಪಾಲಿದೆ ಎಂದು ತೋರಿಸಿದೆ.

ಮಾರುಕಟ್ಟೆಯ ಅಪಾಯವೂ ಉಂಟು. 1892ರಲ್ಲಿ ಹಿಮಾಲಯದ ಮಾದರಿಯಿಂದ ಗುರುತಿಸಿ ‘ಟ್ಯೂಬರ್ ಇಂಡಿಕಮ್’ ಎಂದು ಭಾರತದ ಹೆಸರು ಪಡೆದ ಅಗ್ಗದ ಜಾತಿಯೊಂದು ಚೀನಾದಿಂದ ಯೂರೋಪಿಗೆ ಬರುತ್ತದೆ. ಕಣ್ಣಿಗೆ ಅದೇ ರೂಪ, ಮೂಗಿಗೆ ಬಲು ಕಡಿಮೆ. 2008ರಲ್ಲಿ ಅದು ಇಟಲಿಯ ಒಂದು ತೋಟದ ಬೇರುಗಳಲ್ಲೇ ನೆಲೆಸಿರುವುದು ಪತ್ತೆಯಾಯಿತು.

ಎಲ್ಲಕ್ಕಿಂತ ಗಂಭೀರವಾದುದು ಮಳೆ. ಅಲ್ಲಿನ ಬೇಸಿಗೆಯಾದ ಜೂನ್–ಆಗಸ್ಟಿನಲ್ಲಿ ಮಳೆ ತಪ್ಪಿದರೆ ಚಳಿಗಾಲದ ಇಳುವರಿ ಕುಸಿಯುತ್ತದೆ ಎಂದು 2012ರ ಅಧ್ಯಯನವೊಂದು ತೋರಿಸಿತು. ಭೂಮಿ ಇದೇ ರೀತಿ ಕಾಯುತ್ತ ಹೋದರೆ ಈ ಶತಮಾನದ ಕೊನೆಗೆ ಯೂರೋಪಿನ ಇಳುವರಿ ಶೇಕಡ 78ರಿಂದ 100ರಷ್ಟು ಇಳಿದೀತು ಎಂದು 2019ರ ಲೆಕ್ಕಾಚಾರ ಎಚ್ಚರಿಸಿತು. ಸ್ಪೇನಿನ ತೆರುಯೆಲ್ ಪ್ರಾಂತ್ಯದ ರೈತರು ಈಗಾಗಲೇ ತೋಟಗಳಿಗೆ ನೀರು ಹಾಯಿಸುತ್ತಿದ್ದಾರೆ. ಅಲ್ಲಿ ಇಂದು ಸಸಿ ನೆಡುವವನು ಮರವನ್ನಷ್ಟೇ ಅಲ್ಲ, ಹತ್ತು ವರ್ಷದಾಚೆಯ ಬೇಸಿಗೆಗೆ ಬೇಕಾಗುವ ನೀರನ್ನೂ ಇಂದೇ ಯೋಚಿಸಬೇಕಾಗಿದೆ.