ಅಝ್‌ಹರಿನ ನೆರೆಯಲ್ಲಿ ಪರದೇಶಿ ವಿದ್ಯಾರ್ಥಿ

(ವಿದೇಶ ವ್ಯಾಸಂಗಕ್ಕೆ ಹೊರಟಿರುವ ವಿದ್ಯಾರ್ಥಿಗಳು ಹಾಗೂ ಅವರ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಮಗ ಅಝ್‌ಹರಿಗೆ ಹೊರಟಿದ್ದಾನೆಂದರೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಗಳು ಎರಡೇ. ಎಷ್ಟು ವರ್ಷ? ಮರಳಿದ ಮೇಲೆ ಹೆಸರಿನ ಜೊತೆ ಏನು ಸೇರುತ್ತದೆ? ಅಲ್ಲಿ ಅವನು ಏನು ಉಣ್ಣುತ್ತಾನೆ, ಯಾರೊಡನೆ ಇರುತ್ತಾನೆ ಎಂದು ಕೇಳುವವರು ತಾಯಂದಿರು ಮಾತ್ರ. ನಾನಿಂದು ಅವರ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ.

ಕೈರೋ ಆಫ್ರಿಕಾದ ನಗರವೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಅಲ್ಲಿ 970ರಲ್ಲಿ ಫಾತಿಮಿಗಳು ಕಟ್ಟತೊಡಗಿದ ಅಝ್‌ಹರ್ ಮಸೀದಿಯಲ್ಲಿ ಶತಮಾನಗಳ ಕಾಲ ಪರದೇಶಿ ವಿದ್ಯಾರ್ಥಿಗಳು 'ರಿವಾಕ್' ಎಂಬ ಪಡಸಾಲೆಗಳಲ್ಲಿ ವಾಸಿಸುತ್ತಿದ್ದರು. ಮಗ್ರಿಬಿನವರಿಗೊಂದು, ತುರ್ಕರಿಗೊಂದು, ಸಿರಿಯಾದವರಿಗೊಂದು. ವಕ್ಫ್ ಆದಾಯದಿಂದ ಅವರಿಗೆ ರೊಟ್ಟಿ ದೊರೆಯುತ್ತಿತ್ತು. ಅವರನ್ನು 'ಮುಜಾವಿರ್' ಎನ್ನುತ್ತಿದ್ದರು. ನಮ್ಮಲ್ಲಿ ಆ ಪದ ದರ್ಗಾದ ಸೇವಕನಿಗೆ ಅಂಟಿಕೊಂಡಿದೆ. ಮೂಲದಲ್ಲಿ ಅದರ ಅರ್ಥ ನೆರೆಯವನು. ದೂರದಿಂದ ಬಂದವನನ್ನು ಅವರು ಪರಕೀಯನೆನ್ನಲಿಲ್ಲ, ಅತಿಥಿಯೆಂದೂ ಅನ್ನಲಿಲ್ಲ.

1961ರ ಕಾನೂನಿನ ಬಳಿಕ ಅಝ್‌ಹರ್ ವೈದ್ಯಕೀಯ, ಇಂಜಿನಿಯರಿಂಗ್ ವಿಭಾಗಗಳೂ ಉಳ್ಳ ಆಧುನಿಕ ವಿಶ್ವವಿದ್ಯಾಲಯವಾಯಿತು. ವಿದೇಶಿಯರಲ್ಲಿ ಕೆಲವರಿಗೆ ಅಬ್ಬಾಸಿಯಾದ 'ಮದೀನತುಲ್ ಬುಊಸ್' ವಸತಿ ಸಮುಚ್ಚಯದಲ್ಲಿ ಜಾಗ ಸಿಗುತ್ತದೆ. ಉಳಿದವರು ನಸ್ರ್ ಸಿಟಿಯ ಬಡಾವಣೆಗಳಲ್ಲಿ ಕೋಣೆ ಹಂಚಿಕೊಂಡು ಬಾಡಿಗೆಗಿರುತ್ತಾರೆ.

ಮೊದಲ ಪೆಟ್ಟು ಭಾಷೆಯದು. ಮದ್ರಸದಲ್ಲಿ ವರ್ಷಗಟ್ಟಲೆ ಅರಬಿ ಕಲಿತ ನಮ್ಮ ಹುಡುಗ ಅಂಗಡಿಯಲ್ಲಿ 'ಖುಬ್ಝ್' ಕೇಳಿದರೆ ಅಂಗಡಿಯವನು ನಗುತ್ತಾನೆ. ಅಲ್ಲಿ ರೊಟ್ಟಿಗೆ 'ಐಶ್' ಎನ್ನುತ್ತಾರೆ; ಆ ಪದಕ್ಕೆ ಬದುಕು ಎಂಬ ಅರ್ಥವೂ ಇದೆ. 'ಜಾಮಿಆ' ಅಲ್ಲಿ 'ಗಾಮ್ಆ' ಆಗುತ್ತದೆ, 'ಕಹ್ವಾ' 'ಅಹ್ವಾ' ಆಗುತ್ತದೆ. ವ್ಯಾಕರಣ ಬಲ್ಲವನು ಬೀದಿಯಲ್ಲಿ ಮೂಗನಾಗುತ್ತಾನೆ. ಹಲವು ಉಪನ್ಯಾಸಕರು ಕೂಡ ಪಾಠದ ನಡುವೆ ಆಡುಮಾತಿಗೆ ಜಾರುತ್ತಾರೆ. ನಮ್ಮ ಮದ್ರಸಗಳ ಪಠ್ಯಕ್ರಮ ಈ ಬಗ್ಗೆ ಒಂದಿಷ್ಟೂ ಚಿಂತಿಸಿಲ್ಲವೆಂಬುದು ನನ್ನ ದೂರು.

ಎರಡನೆಯದು ಹೊಟ್ಟೆಯ ವಿಚಾರ. ಬೇಯಿಸಿದ ಅವರೆಯಂಥ ಕಾಳಿನ 'ಫೂಲ್', ಅದೇ ಕಾಳನ್ನು ರುಬ್ಬಿ ಕರಿದ 'ತಅಮಿಯ್ಯ', ಅನ್ನ-ಮಸೂರ-ಸೇವಿಗೆಗಳ 'ಕುಶರಿ' ಬಡವರ ಊಟ, ವಿದ್ಯಾರ್ಥಿಗಳದೂ ಅದೇ. ಸರಕಾರದ ಅಗ್ಗದ ರೊಟ್ಟಿ ಕಾರ್ಡುಳ್ಳ ಸ್ಥಳೀಯರಿಗೆ. 2024ರ ಜೂನ್‌ನಲ್ಲಿ ಅದರ ಬೆಲೆಯೂ 5 ಪಿಯಾಸ್ಟರ್‌ನಿಂದ 20ಕ್ಕೇರಿತು. ಅದೇ ವರ್ಷದ ಮಾರ್ಚ್‌ನಲ್ಲಿ ಡಾಲರಿಗೆ ಸುಮಾರು 31 ಇದ್ದ ಈಜಿಪ್ಟ್ ಪೌಂಡ್ 50ರ ಹತ್ತಿರಕ್ಕೆ ಕುಸಿಯಿತು. ಮನೆಯಿಂದ ಹಣ ಬರುವವನು ಹೇಗೋ ನಿಭಾಯಿಸಿದ. ಪೌಂಡಿನಲ್ಲಿ ಬರುವ ವಿದ್ಯಾರ್ಥಿವೇತನವನ್ನೇ ನಂಬಿದವನ ಪಾಡೇನಾಗಿರಬೇಡ?

ಜೊತೆಗೆ ವಾಸ್ತವ್ಯದ ಪರವಾನಗಿ, ಅಂದರೆ 'ಇಕಾಮಾ'. ದೀರ್ಘಕಾಲ ಇದಕ್ಕಾಗಿ ವಿದೇಶಿಯರು ಸಾಲು ನಿಂತದ್ದು ತಹ್ರೀರ್ ಚೌಕದ 'ಮುಗಮ್ಮಅ' ಎಂಬ ದೈತ್ಯ ಸರಕಾರಿ ಕಟ್ಟಡದಲ್ಲಿ. ಅಲ್ಲಿನ ಅಲೆದಾಟವನ್ನೇ ಗೇಲಿ ಮಾಡಿದ ಸಿನಿಮಾವೊಂದು 1992ರಲ್ಲಿ ಬಂದು ಜನಪ್ರಿಯವಾಯಿತು. ಈ ಕಾಗದ ಪತ್ರದ ವಿಷಯದಲ್ಲಿ ಉದಾಸೀನ ಸಲ್ಲದು, ಮಕ್ಕಳೇ.

ಇಷ್ಟೆಲ್ಲದರ ನಡುವೆ ಹುಡುಗರು ಸುಲಭದ ದಾರಿ ಹಿಡಿಯುತ್ತಾರೆ. ತಮ್ಮ ನಾಡಿನವರೊಡನೆಯೇ ವಾಸ, ತಮ್ಮದೇ ಅಡುಗೆ, ತಮ್ಮದೇ ಮಾತು. ತುಂಬಿ ತುಳುಕುವ ತರಗತಿಯಲ್ಲಿ ಒಬ್ಬನಿಲ್ಲದಿದ್ದರೆ ತಿಳಿಯುವುದೂ ಇಲ್ಲ. ಪರೀಕ್ಷೆಗೆ ಮುನ್ನ ಸಾರಾಂಶದ ಹಾಳೆಗಳನ್ನು ಬಾಯಿಪಾಠ ಮಾಡಿ ಪದವಿ ಪಡೆದು ಬಂದರೆ ಅದನ್ನು ಅಝ್‌ಹರಿನ ಶಿಕ್ಷಣವೆನ್ನಲಾದೀತೇ? ನೈಜೀರಿಯಾದ ಹುಡುಗ ಫಿಕ್‌ಹ್ ಚರ್ಚಿಸುವಾಗ ಮಾಲಿಕೀ ಮದ್ಸ್‌ಹಬಿನಿಂದ ಮಾತೆತ್ತುತ್ತಾನೆ, ಇಂಡೋನೇಷ್ಯಾದವನು ಶಾಫಿಈಯಿಂದ, ನಮ್ಮಲ್ಲಿ ಅನೇಕರು ಹನಫೀಯಿಂದ. ಒಂದೇ ತಟ್ಟೆಯ ಫೂಲ್ ಸುತ್ತ ಈ ಮೂವರು ಕುಳಿತರೆ, ನಮ್ಮೂರ ಮಸೀದಿಗಳನ್ನು ಒಡೆದ ಎಷ್ಟೋ ಜಗಳಗಳು ಎಷ್ಟು ಸಣ್ಣವೆಂದು ಅಲ್ಲಿಯೇ ತಿಳಿಯುತ್ತದೆ.

ಇನ್ನೊಂದು ಮಾತು, ಹಿರಿಯರಿಗೆ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟ ರಸ್ತೆಯ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಲುಕಿ ಮಹಿಳೆಯೊಬ್ಬರು ಮೃತಪಟ್ಟರು. ಆ ಬಳಿಕ ಅಲ್ಲಿಗೆ ಬಂದ, ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಝಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಥಳಿಸಿತು, ಬಟ್ಟೆ ಹರಿಯಿತು. ಚರ್ಮದ ಬಣ್ಣ ಬಿಟ್ಟರೆ ಆಕೆಯ ಅಪರಾಧವಾದರೂ ಏನಿತ್ತು? ಆಫ್ರಿಕಾದ ನೆಲದಲ್ಲಿ ನಮ್ಮ ಮಕ್ಕಳಿಗೆ ಸೂರು ಬಯಸುವ ನಾವು, ಆಫ್ರಿಕಾದ ಮಕ್ಕಳು ಬಾಡಿಗೆಗೆ ಮನೆ ಕೇಳಿಬಂದಾಗ ಏನು ಉತ್ತರಿಸುತ್ತೇವೆ? ಬಾಡಿಗೆ ಮನೆಗಳ ಮಾಲಕರು ಈ ಸಭೆಯಲ್ಲಿಯೂ ಇದ್ದಾರೆ. ಸಭೆ ಮುಗಿದ ಬಳಿಕ ಅವರು ಹತ್ತು ನಿಮಿಷ ಕುಳಿತಿರಬೇಕೆಂದು ವಿನಂತಿಸುತ್ತೇನೆ.