ಕರಟದ ಇದ್ದಿಲು ಮತ್ತು ನಾವು ಉಸಿರಾಡುವ ಗಾಳಿ



ಹೊಸದಾಗಿ ಎಣ್ಣೆಬಣ್ಣ ಬಳಿದ ಕೋಣೆಗೆ ಕಾಲಿಟ್ಟೊಡನೆ ಮೂಗಿಗೆ ಬಡಿಯುವ ವಾಸನೆ ನಿಮಗೆಲ್ಲ ಪರಿಚಿತ. ಬಣ್ಣಕ್ಕೆ ಬೆರೆಸಿದ ಥಿನ್ನರ್ ಆವಿಯಾಗಿ ಗಾಳಿಗೆ ಸೇರುತ್ತಿರುವುದೇ ಇದಕ್ಕೆ ಕಾರಣ. ಅನೇಕ ಥಿನ್ನರುಗಳಲ್ಲಿರುವ ಟಾಲ್ಯೂಯೀನ್ ತಲೆನೋವು, ತಲೆಸುತ್ತು ತರುತ್ತದೆ. ಪೆಟ್ರೋಲಿನಲ್ಲಿರುವ ಬೆಂಜೀನನ್ನು ಬಹುಕಾಲ ಉಸಿರಾಡಿದರೆ ರಕ್ತದ ಕ್ಯಾನ್ಸರ್ ಕೂಡ ಬರಬಹುದು. ಬಣ್ಣ ಬಳಿಯುವವರು ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುವುದುಂಟು. ಅದು ದೂಳನ್ನು ಅಷ್ಟಿಷ್ಟು ತಡೆದೀತು, ಆವಿಯನ್ನಲ್ಲ. ಆವಿಯ ಅಣುಗಳು ಬಟ್ಟೆಯ ಎಳೆಗಳ ನಡುವೆ ಸಲೀಸಾಗಿ ನುಸುಳುತ್ತವೆ.

ಇವನ್ನು ಹಿಡಿಯಬಲ್ಲ ವಸ್ತುವನ್ನು ತೆಂಗಿನ ಕರಟದಿಂದಲೇ ಮಾಡಬಹುದು. ಹೆಚ್ಚು ಗಾಳಿ ಸೋಕದಂತೆ ಕರಟವನ್ನು ಸುಟ್ಟು ಇದ್ದಿಲು ಮಾಡುತ್ತಾರೆ. ಅದರ ಮೇಲೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಾವಿ ಹಾಯಿಸಿದಾಗ ಇಂಗಾಲದ ಒಂದಂಶ ಅನಿಲವಾಗಿ ಹೊರಟುಹೋಗಿ, ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಇದೇ ಸಕ್ರಿಯ ಇದ್ದಿಲು. ಇದರ ಒಂದೇ ಗ್ರಾಮಿನ ಒಳಮೈಯನ್ನು ಬಿಡಿಸಿ ಹಾಸುವಂತಿದ್ದರೆ ಅದು ಸುಮಾರು 1000 ಚದರ ಮೀಟರ್ ಆಗುತ್ತಿತ್ತು. ಅಂದರೆ ಏಳು ಕಬಡ್ಡಿ ಅಂಕಣಗಳಿಗಿಂತ ಹೆಚ್ಚು! ಬೆಲ್ಲದ ಅಚ್ಚಿಗೆ ಇರುವೆ ಮುತ್ತಿದಂತೆ ಆವಿಯ ಅಣುಗಳು ಈ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಹೀಗೆ ಮೇಲ್ಮೈಗೆ ಅಂಟುವ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. 1915ರಲ್ಲಿ, ಮೊದಲನೆಯ ಮಹಾಯುದ್ಧದ ವಿಷಾನಿಲದಿಂದ ಸೈನಿಕರನ್ನು ಉಳಿಸಲು ರಷ್ಯದ ರಸಾಯನ ವಿಜ್ಞಾನಿ ನಿಕೊಲಾಯ್ ಜೆಲಿನ್‌ಸ್ಕಿ ರೂಪಿಸಿದ ಮುಖವಾಡದಲ್ಲಿ ಇದ್ದದ್ದೂ ಇಂಥ ಇದ್ದಿಲೇ.

ಆದರೆ ಒಂದು ಮಾತನ್ನು ಮರೆಯಬಾರದು. ಇದ್ದಿಲು ವಿಷವನ್ನು ನಾಶಮಾಡುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ. ರಂಧ್ರಗಳು ತುಂಬಿದ ಮೇಲೆ ಆವಿ ನೇರವಾಗಿ ಈಚೆಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಹೊಸ ಇದ್ದಿಲಿಗೂ ತುಂಬಿದ ಇದ್ದಿಲಿಗೂ ವ್ಯತ್ಯಾಸ ಕಾಣದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರಿನ ಅಣುಗಳೇ ಒಳಗೆ ಜಾಗ ಹಿಡಿಯುತ್ತವೆ. ಕಾರ್ಬನ್ ಮಾನಾಕ್ಸೈಡಿನಂಥ ಅನಿಲವಂತೂ ಇದಕ್ಕೆ ಸಿಕ್ಕುವುದೇ ಇಲ್ಲ. ಇದ್ದಿಲಿನ ಮುಖವಾಡವನ್ನು ನಂಬಿ ಹೊಗೆ ತುಂಬಿದ ಕೋಣೆಗೆ ನುಗ್ಗುವುದು ಪ್ರಾಣಾಪಾಯ.

ಹಾಗಾದರೆ ತುಂಬಿದ ಇದ್ದಿಲು ವ್ಯರ್ಥವೇ? ಇಲ್ಲ. ಕಾರ್ಖಾನೆಗಳಲ್ಲಿ ಅದಕ್ಕೆ ಮತ್ತೆ ಬಿಸಿ ನೀರಾವಿ ಹಾಯಿಸಿ, ಅಂಟಿಕೊಂಡ ದ್ರಾವಕವನ್ನು ಬಿಡಿಸಿ, ತಣಿಸಿ, ಪುನಃ ಬಳಸುತ್ತಾರೆ. ಗಾಳಿಯೂ ಶುದ್ಧ, ದ್ರಾವಕವೂ ಉಳಿತಾಯ.

ನಿಮ್ಮ ಮನೆಗೆ ಬಣ್ಣ ಬಳಿಯುವಾಗ ಮೊದಲು ಕಿಟಕಿ ಬಾಗಿಲುಗಳನ್ನು ತೆರೆಯಿರಿ. ಬಳಿಯುವವರ ಮುಖವಾಡದಲ್ಲಿ ಇದ್ದಿಲು ಇದೆಯೇ, ಅದನ್ನು ಬದಲಿಸಿ ಎಷ್ಟು ದಿನವಾಯಿತು ಎಂದು ಕೇಳಿ. ಆ ಪ್ರಶ್ನೆ ಒಬ್ಬರ ಆರೋಗ್ಯವನ್ನು ಉಳಿಸಬಹುದು.